ಯಾವ ದೇವರೂ ಕೇಳದ ಮರ

ಬೆಳಗಿನ ಜಾವ ಕಣ್ಣು ಬಿಟ್ಟಾಗಲೇ ಗೊತ್ತಾಯಿತು, ನಾಲ್ಕು ದಿನ ಮುಂಚೆಯೇ ಹೊರಗಾಗಿದ್ದೇನೆ. ಚಿಕ್ಕಮ್ಮನಿಗೆ ಹೇಳಿದರೆ ಹಿತ್ತಿಲ ಕೋಣೆಯಲ್ಲಿ ಚಾಪೆ ಹಾಸಿ, ತಂಬಿಗೆ ನೀರಿಟ್ಟು, ಮೂರು ದಿನ ಅಲ್ಲೇ ಇರು ಎನ್ನುತ್ತಾರೆ. ಚಿತ್ರದುರ್ಗದಿಂದ ಬಸ್ಸು ಬದಲಿಸಿ ಮಾಡದಕೆರೆಗೆ ಬಂದದ್ದೆಲ್ಲ ವ್ಯರ್ಥ. ಹೇಳದಿದ್ದರೆ ಅವರ ಒಲೆ, ಹಂಡೆ, ದೇವರ ಗೂಡು ಯಾವುದನ್ನೂ ತಾಕದೆ ಹೊರಬೀಳಬೇಕು. ನಾನು ಹೇಳಲಿಲ್ಲ. ಶಾಲು ಹೊದ್ದು, ಬಂದ ಮೇಲೆ ಕಾಫಿ ಕುಡಿಯುತ್ತೇನೆ ಎಂದು ಹೊಸ್ತಿಲು ದಾಟಿದೆ. ಇಂಥದ್ದನ್ನೆಲ್ಲ ಭಾನುವಾರದ ಪುರವಣಿಯಲ್ಲಿ ಬರೆಯುತ್ತಾರೆಯೇ ಎಂದು ಈ ಸಾಲುಗಳನ್ನು ಹೊಡೆದುಹಾಕಿದ್ದೆ. ಮತ್ತೆ ಬರೆದಿದ್ದೇನೆ. ಇವಿಲ್ಲದೆ ಮುದ್ದಕ್ಕನ ವಿಷಯ ಅರ್ಧವೇ ಆಗುತ್ತದೆ.

ಕೆರೆ ಏರಿಯ ಕೆಳಗೆ ಅರಣ್ಯ ಇಲಾಖೆಯ ನರ್ಸರಿ. ಮಬ್ಬು ಇನ್ನೂ ಹರಿದಿಲ್ಲ. ಮುಳ್ಳುಬೇಲಿಯ ಗೇಟಿನ ಹತ್ತಿರ ಕಾವಲಿನ ನಾಗರಾಜಪ್ಪ ತರಗೆಲೆಗೆ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದಾರೆ. ಏರಿಯ ಕಡೆಯಿಂದ ಖಾಲಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಒಬ್ಬ ಮುದುಕಿ ಇಳಿದು ಬರುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಮಾಘದ ಚಳಿಯಲ್ಲಿ ತಲೆಗೂದಲು ತೊಟ್ಟಿಕ್ಕುತ್ತಿದೆ, ಸೀರೆ ಮೈಗೆ ಅಂಟಿದೆ. ಈ ಹೊತ್ತಿನಲ್ಲಿ ಕೆರೆಯಲ್ಲಿ ಮುಳುಗಿ ಬಂದು ಕೆಲಸಕ್ಕೆ ನಿಲ್ಲುವವರನ್ನು ನಾನು ನೋಡಿರಲಿಲ್ಲ.

"ದಿನಾ ಹಿಂಗೇನಾ?" ಎಂದು ನಾಗರಾಜಪ್ಪನವರನ್ನು ಕೇಳಿದೆ.

"ದಿನಾ ಹಿಂಗೇ. ಯಾಕೆ ಅಂತ ಮುದ್ದಕ್ಕನ್ನೇ ಕೇಳ್ರಿ. ನಂಗೆ ಹೇಳಿದ್ರೂ ತಿಳಿಯಂಗಿಲ್ಲ" ಎಂದು ಅವರು ನಕ್ಕರು.

ಕೇಳಬೇಕಾದ್ದನ್ನು ತಕ್ಷಣ ಕೇಳಲು ನನಗೆ ಬಾರದು. ಬಿ.ಎ. ಮುಗಿಸಿದರೂ ಅಂಗಡಿಯಲ್ಲಿ ಚಿಲ್ಲರೆ ಕೇಳಲು ಹಿಂಜರಿಯುವವಳು ನಾನು. ಪುರವಣಿಯ ಸಂಪಾದಕರು, ಯಾರ ಕಣ್ಣಿಗೂ ಬೀಳದ ಒಬ್ಬ ದುಡಿಮೆಗಾರರ ಬಗ್ಗೆ ಬರೆದು ಕೊಡಮ್ಮ ಎಂದಾಗ ಒಂದು ಉಪಾಯ ಮಾಡಿಕೊಂಡಿದ್ದೆ: ಯಾರನ್ನು ಕಂಡರೂ ಒಂದೇ ಪ್ರಶ್ನೆ. ನಿಮಗೆ ಯಾವ ಮರ ಇಷ್ಟ, ಯಾಕೆ? ಮರದ ವಿಷಯ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಹುಣಸೆ ಎಂದಿದ್ದ. "ಟೈರ್ ಪಂಚರ್ ಆದಾಗ್ಲೆಲ್ಲ ಹತ್ರದಾಗೆ ಒಂದು ಹುಣಸೆಮರ ಇರ್ತೈತ್ರಿ, ಅದೇನೋ ಗೊತ್ತಿಲ್ಲ." ಮಾಡದಕೆರೆಯ ಶಾಲೆಯಲ್ಲಿ ಮೇಡಂ ಆಗಿರುವ ನನ್ನ ಚಿಕ್ಕಮ್ಮ ಏಕಾಂತಮ್ಮ, ಸಂಪಿಗೆ ಎಂದರು, ಊರಲ್ಲಿ ಸಂಪಿಗೆಯ ಮರ ಒಂದೂ ಇಲ್ಲ, ಅದಕ್ಕೇ ಇಷ್ಟವಂತೆ. ನಾಗರಾಜಪ್ಪನವರಿಗೆ ನೀಲಗಿರಿ. "ಹೇಳ್ದಂಗೆ ಕೇಳೋ ಮರ ಅಂದ್ರೆ ಅದೊಂದೇ ಕಣಮ್ಮ. ನೆಟ್ಟಗೆ ಹೋಗ್ತೈತೆ. ನಮ್ಮ ಮನೆ ಹುಡುಗ್ರು ಹಂಗಿದ್ದಿದ್ರೆ" ಎಂದು ನಿಟ್ಟುಸಿರಿಟ್ಟರು.

ನನ್ನದು ಯಾವುದು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ಅಷ್ಟರಲ್ಲಿ ಮುದ್ದಕ್ಕ ಕೆಲಸ ಶುರು ಮಾಡಿಯಾಗಿತ್ತು. ಬಾವಿಯ ತೊಟ್ಟಿಯಿಂದ ತಗಡಿನ ಡಬ್ಬಿಗೆ ನೀರು ತುಂಬಿಸಿ, ಪಾತಿಗಳ ನಡುವೆ ಬಗ್ಗಿ ನಡೆಯುತ್ತಾರೆ. ಡಬ್ಬಿಯ ಮೂತಿಗೆ ತೂತಿನ ತಟ್ಟೆಯಿದೆ. ನೀರು ಜಿನುಗುಮಳೆಯ ಹಾಗೆ ಬೀಳುತ್ತದೆ. ಮಣ್ಣು ತುಂಬಿದ ಕರಿ ಪಾಲಿಥೀನ್ ಚೀಲಗಳು ಒತ್ತಾಗಿ ನಿಂತಿವೆ. ಅರ್ಧಕ್ಕೆ ನೀಲಗಿರಿ ಸಸಿಗಳು. ಉಳಿದವು ಬರೀ ಮಣ್ಣು. ಹೊಂಗೆ ಬೀಜ ಊರಿ ಎರಡು ದಿನವಾಗಿದೆ, ಇನ್ನೂ ಮೊಳೆತಿಲ್ಲ.

"ಸುಮ್ನೆ ನಿಂತ್ರೆ ಚಳಿ ಆಗ್ತೈತೆ ಕಣವ್ವ. ತಗಾ, ಆ ಗೋಡೆ ಕಡೆ ಸಾಲು ನಿಂದು" ಎಂದು ಮುದ್ದಕ್ಕ ಇನ್ನೊಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟೇ ಬಿಟ್ಟರು.

ಬೇಡ ಎನ್ನಬೇಕಾಗಿತ್ತು. ಆ ದಿನಗಳಲ್ಲಿ ಗಿಡ ಮುಟ್ಟಿದರೆ ಒಣಗುತ್ತದೆ ಎಂದು ಅಮ್ಮ ಹೇಳಿಕೊಟ್ಟದ್ದು ನನ್ನ ಹನ್ನೆರಡನೇ ವಯಸ್ಸಿನಲ್ಲಿ. ಮಲ್ಲಿಗೆ ಬಳ್ಳಿಯ ಹತ್ತಿರವೂ ಹೋಗಿದ್ದಿಲ್ಲ. ಪುಸ್ತಕ ಓದಿದ ಮೇಲೆ ಅದು ಸುಳ್ಳೆಂದು ಗೊತ್ತು. ಆದರೆ ಗೊತ್ತಿರುವುದೇ ಬೇರೆ, ಕೈ ಮುಂದೆ ಹೋಗುವುದೇ ಬೇರೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾಗರಾಜಪ್ಪ ಅಲ್ಲೇ ನಿಂತಿದ್ದರು. ಡಬ್ಬಿ ತೆಗೆದುಕೊಂಡೆ. ಶೆಡ್ಡಿನ ಗೋಡೆಯ ಪಕ್ಕದ ಹೊಂಗೆ ಸಾಲಿಗೆ ಈ ತುದಿಯಿಂದ ಆ ತುದಿಯವರೆಗೆ ನೀರು ಹಾಕಿದೆ. ಆ ಸಾಲಿನ ಕೊನೆಯಲ್ಲಿ ಒಡೆದ ಮಡಕೆಯೊಂದು ಬೋರಲು ಬಿದ್ದಿತ್ತು. ಅದನ್ನು ಗುರುತು ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆನೆಂದು ಆಗ ನನಗೇ ಒಪ್ಪಿಕೊಳ್ಳಲಾಗಲಿಲ್ಲ.

ಬಿಸಿಲು ಬಂದ ಮೇಲೆ ಮುದ್ದಕ್ಕ ರಾಗಿರೊಟ್ಟಿಯ ಗಂಟು ಬಿಚ್ಚುತ್ತಾರೆ. ಹುಚ್ಚೆಳ್ಳು ಚಟ್ನಿಯ ವಾಸನೆ. ನನಗೂ ಅರ್ಧ ಮುರಿದು ಕೊಡುತ್ತಾರೆ. ವಯಸ್ಸು ಎಷ್ಟೆಂದು ಅವರಿಗೆ ಗೊತ್ತಿಲ್ಲ. "ದೊಡ್ಡ ಬರ ಬಂದಾಗ ನಂಗೆ ಮದುವೆ ಆಗಿತ್ತು" ಎನ್ನುತ್ತಾರೆ. ಗೊಲ್ಲರ ಮನೆತನ. ಗಂಡ ಕುರಿ ಮೇಯಿಸುತ್ತಿದ್ದವರು ತೀರಿಕೊಂಡ ಮೇಲೆ ಇಲ್ಲಿ ದಿನಗೂಲಿಗೆ ಸೇರಿದರು. ಏರಿಯಾಚೆ ಕೂಗಳತೆಯಲ್ಲಿ ಅವರ ಹಟ್ಟಿ. ಮಗ ಕಾಟಲಿಂಗಪ್ಪ ಕುರಿ ಹಿಂಡಿನೊಂದಿಗೆ ಹಿರಿಯೂರಿನ ಕಡೆ ಹೋದವನು ಯುಗಾದಿಯ ಹೊತ್ತಿಗೆ ಬರುತ್ತಾನೆ. ಸೊಸೆ ಓಬವ್ವ ತುಂಬಿದ ಬಸುರಿ.

"ನಿಮಗೆ ಯಾವ ಮರ ಇಷ್ಟ?"

ಈ ಪ್ರಶ್ನೆಗೆ ಇಲ್ಲಿಯವರೆಗೆ ಎಲ್ಲರೂ ಒಂದು ಹೆಸರು ಹೇಳಿದ್ದರು. ಮುದ್ದಕ್ಕ ರೊಟ್ಟಿ ಅಗಿಯುತ್ತ ನನ್ನನ್ನೇ ನೋಡಿದರು.

"ಯಾವ ಹೊತ್ತಿಗೆ?"

ನಾನು ರೊಟ್ಟಿ ಕೆಳಗಿಟ್ಟು ಪೆನ್ನು ತೆಗೆದೆ.

"ಕುರಿಗೆ ಅಂದ್ರೆ ಜಾಲಿ. ಬ್ಯಾಸಿಗೇಲಿ ಕಾಯಿ ಉದುರಿಸ್ತೈತೆ, ಕುರಿ ಓಡಿ ಬರ್ತವೆ. ಒಲೆಗೆ ಅಂದ್ರೆ ಕಮರ, ಹೊಗೆ ಕಮ್ಮಿ. ನೋಡಾಕೆ ಅಂದ್ರೆ ಮುತ್ತುಗ, ಹೂ ಬಿಟ್ಟಾಗ ಗುಡ್ಡಕ್ಕೆ ಬೆಂಕಿ ಬಿದ್ದಂಗೆ. ಕೆಳಗೆ ಕುಂತ್ಕಳ್ಳಾಕೆ ಅಂದ್ರೆ..." ಅವರು ನಿಲ್ಲಿಸಿದರು. "ಅದು ಬ್ಯಾರೆ ಕತೆ. ತೋರಿಸ್ತೀನಿ ಬಾ, ಹೋಗಾಣ."

ಏರಿ ಹತ್ತಿ, ಇಳಿದು, ಹಟ್ಟಿಯ ಬೇಲಿಯನ್ನು ಎಡಕ್ಕೆ ಬಿಟ್ಟು ನಡೆದೆವು. ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ ಎದೆಮಟ್ಟ. ಬೇಲಿಯಿಂದ ಒಂದು ಹೊಲದಷ್ಟು ಆಚೆ ಬೋಳು ಬಯಲು. ಅಲ್ಲಿ ಸೋಗೆ ಹೊದಿಸಿದ ಒಂದು ಗುಡ್ಲು, ಬಗ್ಗಿ ನುಗ್ಗಿದರೆ ಒಬ್ಬರು ಮಲಗಬಹುದು. ಹೊರಗಾದ ಹೆಂಗಸರು ಅಲ್ಲಿರಬೇಕು. ಹೆರಿಗೆಯೂ ಅಲ್ಲೇ. ಬಾಣಂತಿಯೂ ಕೂಸೂ ದೇವರ ಅಪ್ಪಣೆಯಾಗುವವರೆಗೆ ಹಟ್ಟಿಯೊಳಗೆ ಬರುವಂತಿಲ್ಲ. ಅದಕ್ಕೆ ತಿಂಗಳು, ಎರಡು ತಿಂಗಳೂ ಆಗಬಹುದು. ಆ ದಿನ ಗುಡ್ಲು ಖಾಲಿಯಿತ್ತು. ಅದರ ಪಕ್ಕದಲ್ಲಿ, ಸುತ್ತ ಮುಳ್ಳುಕಂಟಿ ಹೂತು, ಒಂದು ಎಳೆ ಹೊಂಗೆ ಗಿಡ. ನನ್ನ ಎದೆಮಟ್ಟಕ್ಕಿದೆ. ಬುಡದಲ್ಲಿ ಮಣ್ಣು ಹಸಿ.

"ಇದಕ್ಕೆ ನೀರು ಹಾಕಿ, ಕೆರೇಲಿ ಮುಳುಗಿ, ಆಮ್ಯಾಗೆ ಕೆಲಸಕ್ಕೆ ಹೋಗೋದು" ಎಂದರು ಮುದ್ದಕ್ಕ. ಒದ್ದೆ ಕೂದಲಿನ ಉತ್ತರ ಸಿಕ್ಕಿತು. ಈ ಜಾಗಕ್ಕೆ ಕಾಲಿಟ್ಟವರು ಸ್ನಾನ ಮಾಡದೆ ಒಳಗಿನವರನ್ನು ಮುಟ್ಟುವಂತಿಲ್ಲ.

ಇಲ್ಲಿ ಮೊದಲು ಮರವೇ ಇರಲಿಲ್ಲ. ಮುದ್ದಕ್ಕನ ಹೆರಿಗೆಗಳೆಲ್ಲ ಈ ಬಯಲಲ್ಲೇ ಆದವು. "ಬ್ಯಾಸಿಗೇಲಿ ಹುಟ್ಟಿದ್ದು ಕಾಟಲಿಂಗ. ಗುಡ್ಲೊಳಗೆ ಕುದೀತಿತ್ತು, ಹೊರಗೆ ಸುಡ್ತಿತ್ತು. ಕೂಸು ಎತ್ಕಂಡು ಗುಡ್ಲ ಸುತ್ತ ಸುತ್ತೋದು. ಬೆಳಗ್ಗೆ ಆ ಕಡೆ ನೆಳ್ಳು, ಸಂಜಿಕೆ ಈ ಕಡೆ ನೆಳ್ಳು. ಮಧ್ಯಾನ್ನ ಎಲ್ಲೂ ಇಲ್ಲ. ಆಗ ನೋಡ್ತಿದ್ದೆ ದೂರದ ಮರನೆಲ್ಲ. ಒಂದೊಂದ್ರ ಕೆಳಗೂ ಮನಸಿನಾಗೇ ಕುಂತು ಬರ್ತಿದ್ದೆ."

ಯಾವ ಮರ ನೆಡುವುದು ಎಂದು ಅವರು ಯೋಚಿಸಿದ್ದು ಆಗಿನಿಂದ. ಅರಳಿ ಆಗದು, ಅದರ ಕೆಳಗೆ ಹೊರಗಾದವರು ಕೂರುವ ಹಾಗಿಲ್ಲ. ಪತ್ರೆ ಶಿವನದು. ಬೇವು ಮಾರಮ್ಮನದು. ಬನ್ನಿಯನ್ನು ಕೇಳುವುದೇ ಬೇಡ. ಹುಣಸೆಯ ಕೆಳಗೆ ಎಳೆಗೂಸನ್ನು ಮಲಗಿಸಲು ಯಾರಿಗೂ ಧೈರ್ಯವಿಲ್ಲ. ಜಾಲಿ ಮುಳ್ಳು ಉದುರಿಸುತ್ತದೆ.

"ಒಳ್ಳೊಳ್ಳೆ ಮರ ಎಲ್ಲಾ ಯಾರೋ ಒಬ್ಬ ದೇವ್ರು ಹಿಡ್ಕಂಡವ್ನೆ. ಹೊಂಗೇನ ಮಾತ್ರ ಯಾವ ದೇವ್ರೂ ಕೇಳಿಲ್ಲ. ಕುರಿನೂ ಬಾಯಿ ಹಾಕಲ್ಲ, ಬಡಿಗೇರೂ ಮುಟ್ಟಲ್ಲ. ಯಾರಿಗೂ ಬ್ಯಾಡಾದ ಮರ, ನೆಳ್ಳು ಮಾತ್ರ ನೀರು ಕುಡಿದಂಗೆ. ನಮಗೆ ಅಂತಾನೇ ಬಿಟ್ಟಂಗೈತೆ."

ಇದನ್ನು ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ಹಬ್ಬದ ಸಂತೆಯಲ್ಲಿ ಯಾರೂ ನೋಡದ ಮೂಲೆಯಲ್ಲಿ ಒಳ್ಳೆ ಕಂಬಳಿ ಸಿಕ್ಕವರ ಖುಷಿ ಇತ್ತು. ಕಟ್ಟಳೆಯ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಕಾದೆ. "ನಮ್ಮ ದೇವ್ರು ಬ್ಯಾಡ ಅಂದದ್ದು ಮನೇನ. ನೆಳ್ಳು ಬ್ಯಾಡ ಅಂದಿಲ್ಲ" ಎಂದಷ್ಟೇ ಅಂದರು.

ಬೇಲಿಯ ಕಡೆಯಿಂದ ಒಂದು ಕೆಮ್ಮು. ಹಟ್ಟಿಯ ಯಜಮಾನ ಯತ್ತಪ್ಪ, ಮುದ್ದಕ್ಕನ ಗಂಡನ ಅಣ್ಣ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದೂರದಲ್ಲೇ ನಿಂತಿದ್ದರು.

"ಏನಮ್ಮ, ಪೇಪರಿನೋರಂತೆ. ಈ ಗಿಡನೂ ಪೇಪರಿಗೆ ಹಾಕ್ತೀರಾ?"

"ನಿಮ್ಮ ಒಪ್ಪಿಗೆ ಇದ್ದರೆ" ಎಂದೆ. ನನ್ನ ದನಿ ಅವರಿಗೆ ಕೇಳಿಸಿತೋ ಇಲ್ಲವೋ.

"ನಮ್ದೇನು ತಕರಾರಿಲ್ಲ. ಗಿಡ ನೆಡ್ಲಿ ಅಂದೆ. ಹೊರಗಿರೋರು ಮುಟ್ಟಬಾರ್ದು, ನೀರು ಹಾಕಬಾರ್ದು, ಅಷ್ಟೆ. ಹಾಕಿದ್ರೆ ಒಣಗತೈತೆ. ನಾನು ಹೇಳಿದ್ದಲ್ಲಮ್ಮ, ಹಿಂದಿನೋರು ಹೇಳಿದ್ದು. ಬೇಕಾದ್ರೆ ಅವಳನ್ನೇ ಕೇಳು, ಹುಚ್ಚಕ್ಕಂದು ಏನಾತು ಅಂತ."

ಮುದ್ದಕ್ಕ ಮುಖ ತಿರುಗಿಸಿ ಕಂಟಿ ಸರಿಮಾಡತೊಡಗಿದರು.

ಹುಚ್ಚಕ್ಕ ಅವರ ಮಗಳು. ಇದಕ್ಕೂ ಮೊದಲು ಇದೇ ಜಾಗದಲ್ಲಿ ಇನ್ನೊಂದು ಹೊಂಗೆ ಸಸಿ ಇತ್ತು. ಮುದ್ದಕ್ಕ ಜ್ವರದಲ್ಲಿ ಮಲಗಿದ್ದಾಗ, ಹೊರಗೆ ಕೂತಿದ್ದ ಹುಚ್ಚಕ್ಕ ಅದರ ಬಾಡಿದ ಎಲೆ ನೋಡಲಾರದೆ ತನ್ನ ಕುಡಿಯುವ ನೀರಿನಲ್ಲಿ ಒಂದು ಚೊಂಬು ಸುರಿದಳು. ವಾರದಲ್ಲಿ ಸಸಿ ಒಣಗಿತು. ಈಗ ಅವಳು ಹಿರಿಯೂರಿನ ಕಡೆ ಹಟ್ಟಿಗೆ ಸೊಸೆಯಾಗಿದ್ದಾಳೆ, ಮಕ್ಕಳೊಂದಿಗಳು. ಇವತ್ತಿಗೂ ಹಿತ್ತಿಲಲ್ಲಿ ಒಂದು ಅವರೆ ಬಳ್ಳಿಯನ್ನು ತಾನಾಗಿ ಊರುವುದಿಲ್ಲವಂತೆ. ನನ್ನ ಕೈ ಒಳ್ಳೇದಲ್ಲ ಎನ್ನುತ್ತಾಳಂತೆ.

"ನಿಮಗೂ ಹಾಗೇ ಅನಿಸುತ್ತಾ?" ಎಂದು ಕೇಳಿದೆ. ಅಷ್ಟು ಕೇಳಿದ್ದೇ ನನಗೆ ದೊಡ್ಡದು.

"ಅನಿಸಬಾರ್ದು ಕಣವ್ವ. ಹೆತ್ತ ಮಗಳು. ಆದ್ರೆ ಒಣಗಿದ್ದು ಒಣಗಿತಲ್ಲ."

ಈಗ ಬರುವುದು ಈ ಗಿಡದ ಮೂರನೇ ಬೇಸಿಗೆ. ಇದೊಂದು ದಾಟಿದರೆ ಬೇರು ತಾನೇ ನೀರು ಹುಡುಕಿಕೊಳ್ಳುತ್ತದೆ ಎಂಬುದು ನಾಗರಾಜಪ್ಪನವರ ಮಾತು. ಆದರೆ ಮುದ್ದಕ್ಕನ ಬಲಮಂಡಿ ಊದಿದೆ. ಹೊಸದುರ್ಗದ ಡಾಕ್ಟರು ಕೊಡ ಹೊರಬೇಡ ಎಂದಿದ್ದಾರೆ. ನರ್ಸರಿಯಲ್ಲಿ ಕೂತು ಚೀಲಕ್ಕೆ ಮಣ್ಣು ತುಂಬುವ ಕೆಲಸ ಕೊಡಿಸುತ್ತೇನೆಂದು ನಾಗರಾಜಪ್ಪ ಹೇಳಿಯಾಗಿದೆ. ಈ ಗಿಡಕ್ಕೆ ಯಾರು? ಹಟ್ಟಿಯ ಒಳಗಿನವರು ಬಂದರೆ ಪ್ರತಿ ಸಲವೂ ಮೀಯಬೇಕು. "ಒಂದಿನ ಅಂದ್ರೆ ಯಾರಾನ ಬರ್ತಾರೆ. ದಿನಾ ಯಾರು ಮುಳುಗ್ತಾರೆ? ಯುಗಾದಿ ದಾಟಿದ್ರೆ ಕೆರೇಲಿ ಕೆಸರೇ ಇರೋದು." ಬಯಲಲ್ಲಿ ಸದಾ ಇರುವವರು ಹೊರಗಾದ ಹೆಂಗಸರೇ. ಅವರು ಮುಟ್ಟುವಂತಿಲ್ಲ.

ಚಿತ್ರದುರ್ಗಕ್ಕೆ ವಾಪಸು ಬಂದು ಬರೆಯಲು ಕೂತೆ. ಬರಹ ಮುಂದೆ ಹೋಗಲಿಲ್ಲ. ಗೋಡೆಯ ಪಕ್ಕದ ಸಾಲು ಕಣ್ಣ ಮುಂದೆ ಬರುತ್ತಿತ್ತು. ಆ ಬೀಜಗಳು ಮೊಳೆಯದಿದ್ದರೆ? ನಗು ಬರುತ್ತದೆ ಎಂದು ನನಗೂ ಗೊತ್ತು. ಸಸ್ಯಗಳ ವಿಷಯ ಶಾಲೆಯ ಪರೀಕ್ಷೆಗೆ ಓದಿದವಳು, ಯಾರಿಗೂ ಹೇಳದೆ, ಮಣ್ಣಿನ ಚೀಲಗಳ ಒಂದು ಸಾಲಿಗಾಗಿ ಹೆದರುತ್ತಿದ್ದೆ.

ನಮ್ಮ ಮನೆ ಕೋಟೆಯ ತಪ್ಪಲಿನಲ್ಲಿದೆ. ಹಿತ್ತಿಲ ಕೋಣೆಗೊಂದು ಸಣ್ಣ ಕಿಟಕಿ. ಅದರಾಚೆ ಬಂಡೆಯ ಸಂದಿಯಲ್ಲಿ ಯಾರೋ ಉಗುಳಿದ ಬೀಜದಿಂದ ಎದ್ದ ಸೀತಾಫಲದ ಮರ. ತಿಂಗಳಿಗೆ ಮೂರು ದಿನ, ಎಂಟೊಂಬತ್ತು ವರ್ಷಗಳಿಂದ, ನಾನು ಅದನ್ನೇ ನೋಡಿದ್ದೇನೆ. ಎಲೆ ಉದುರುವುದು, ಹಸಿರು ಮಿಶ್ರಿತ ಹೂ ಮೂತಿ ಕೆಳಗೆ ಮಾಡಿ ನೇತಾಡುವುದು, ಮೈಯೆಲ್ಲ ಕಣ್ಣಾದ ಕಾಯಿಗಳು ಒಂದು ದಿನ ಕಣ್ಣು ಬಿಡುವುದು. ನನಗೆ ಇಷ್ಟವಾದ ಮರ ಅದು. ಯಾಕೆ ಎಂದು ಯಾರಾದರೂ ಕೇಳಿದರೆ ಆ ಕೋಣೆಯ ವಿಷಯ ಹೇಳಬೇಕಾಗುತ್ತದೆ. ಅದಕ್ಕೇ ಸುಳ್ಳು ಹೇಳುತ್ತಿದ್ದೆ. ಮುದ್ದಕ್ಕನೂ ಹಾಗೇ, ಕೂತ ಜಾಗದಿಂದಲೇ ಮರಗಳನ್ನು ಕಂಡವರು. ಆದರೆ ಅವರು ಅದನ್ನು ರೊಟ್ಟಿ ಅಗಿಯುತ್ತ ಹೇಳಿಬಿಟ್ಟರು.

ಯುಗಾದಿಗೆ ಇನ್ನೂ ದಿನವಿರುವಾಗ, ಕೆಲವು ವಿವರ ಸರಿಯಾಗಿ ಕೇಳಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಮತ್ತೆ ಮಾಡದಕೆರೆಗೆ ಹೋದೆ. ಚಿಕ್ಕಮ್ಮನ ಮನೆಗೂ ಹೋಗದೆ ನೇರ ನರ್ಸರಿಗೆ. ಮುದ್ದಕ್ಕ ಮಣ್ಣಿನ ಗುಡ್ಡೆಯ ಪಕ್ಕ ಕಾಲು ಚಾಚಿ ಕೂತು ಚೀಲ ತುಂಬಿಸುತ್ತಿದ್ದರು. ಅವರಿಗೆ ಕೈಮುಗಿದು, ಏನೋ ಬಿಟ್ಟುಹೋದವಳಂತೆ ಗೋಡೆಯ ಕಡೆ ನಡೆದೆ. ಒಡೆದ ಮಡಕೆ ಅಲ್ಲೇ ಇತ್ತು.

ಸಾಲು ಎದ್ದಿತ್ತು. ಗೇಣುದ್ದದ ಸಸಿಗಳು, ಎಣ್ಣೆ ಸವರಿದಂಥ ತಿಳಿ ಎಲೆ. ನಡುವೆ ಎರಡು ಕಡೆ ಬರೀ ಮಣ್ಣು.

"ಇಲ್ಲಿ ಯಾಕೆ ಬಂದಿಲ್ಲ?" ಎಂದು ನಾಗರಾಜಪ್ಪನವರನ್ನು ಕರೆದು ಕೇಳಿದೆ. ನನ್ನ ದನಿ ಜೋರಾಗಿತ್ತೇನೋ, ಅವರು ಅಚ್ಚರಿಯಿಂದ ನೋಡಿದರು.

"ಎಲ್ಲಾ ಸಾಲಲ್ಲೂ ಅಷ್ಟು ಹೋಗ್ತವೆ ಕಣಮ್ಮ. ಈ ಕಡೆ ನೋಡ್ರಿ, ಇಲ್ಲಿ ಇನ್ನೂ ಜಾಸ್ತಿ. ಗೆದ್ದಲು. ಎಳೇ ಹೊಂಗೆ ಅಂದ್ರೆ ಗೆದ್ದಲಿಗೆ ಹೋಳಿಗೆ. ಮೇಲೆ ಚೆನ್ನಾಗಿರ್ತೈತೆ, ಕೆಳಗೆ ತಿಂದಿರ್ತೈತೆ, ವಾರಕ್ಕೆ ಒಣಗಿ ನಿಲ್ತೈತೆ."

ವಾರಕ್ಕೆ ಒಣಗಿ ನಿಲ್ಲುತ್ತದೆ, ಹುಚ್ಚಕ್ಕ ನೀರೆರೆದ ಸಸಿಯ ಹಾಗೆ. ನಾನು ಮುದ್ದಕ್ಕನ ಕಡೆ ನೋಡಿದೆ. ಅವರಿಗೆ ಅದು ಕೇಳಿಸಿರಲಿಲ್ಲ. ನಮ್ಮಿಂದ ದೂರದಲ್ಲಿ ಚೀಲದ ಬಾಯಿ ತಟ್ಟುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅವರೊಂದಿಗೆ ಬಯಲಿಗೆ ಹೋದೆ. ಗುಡ್ಲು ಈಗ ಖಾಲಿಯಿಲ್ಲ. ಓಬವ್ವನಿಗೆ ಹೆರಿಗೆಯಾಗಿ ಒಂಬತ್ತು ದಿನ. ಹೆಣ್ಣುಕೂಸು. ಬಿಸಿಲು ನೆತ್ತಿಯ ಮೇಲಿದೆ, ಗುಡ್ಲಿಗೆ ನೆರಳೇ ಇಲ್ಲ. ಹೊಂಗೆ ಗಿಡ ಹಳೆ ಎಲೆ ಉದುರಿಸಿ ಹೊಸದು ಬಿಟ್ಟಿದೆ. ಅದರ ನೆರಳು ಒಂದು ಮೊರದಷ್ಟು. ಆ ಮೊರದಷ್ಟರಲ್ಲಿ, ಕಂಬಳಿಯ ಚೂರಿನ ಮೇಲೆ, ಕೂಸು ನಿದ್ದೆ ಮಾಡುತ್ತಿದೆ. ಓಬವ್ವ ಪಕ್ಕದಲ್ಲಿ ಬಿಸಿಲಲ್ಲೇ, ಸೆರಗು ತಲೆಗೆ ಹಾಕಿಕೊಂಡು ಕೂತಿದ್ದಾಳೆ. ನೆರಳು ಸರಿದ ಹಾಗೆ ಕಂಬಳಿಯನ್ನು ಸರಿಸುತ್ತಾಳೆ. ಗಿಡಕ್ಕೆ ಕೈ ತಗುಲದ ಹಾಗೆ, ಜೋಪಾನವಾಗಿ.

ಬುಡದ ಮಣ್ಣು ಬಿರಿದಿತ್ತು. ತುದಿಯ ಎಳೆ ಎಲೆಗಳು ಜೋತಿದ್ದವು.

"ಮೂರು ದಿನ ಆತು ನೀರು ಕಂಡು" ಎಂದರು ಮುದ್ದಕ್ಕ ಮಂಡಿ ಒತ್ತಿಕೊಳ್ಳುತ್ತ. "ನಿನ್ನೆ ಎತ್ತಾಕೆ ನೋಡ್ದೆ, ಏರಿ ಹತ್ತಲಾರದೆ ಅರ್ಧಕ್ಕೇ ಚೆಲ್ಲಿ ಬಂದೆ."

"ಅತ್ತೆ, ನನ್ ಹತ್ರ ಕೊಡ ತುಂಬ ಐತೆ" ಎಂದಳು ಓಬವ್ವ ಮೆಲ್ಲಗೆ. ಬಾಣಂತಿಗೆಂದು ಒಳಗಿನವರು ಬೇಲಿಯ ಹತ್ತಿರ ಇಟ್ಟುಹೋದ ನೀರು. "ಹಾಕ್ಬಿಡ್ಲಾ ಅನ್ನಿಸ್ತೈತೆ. ಆಮ್ಯಾಗೆ ನಾದಿನಿ ಗ್ಯಾಪಕ ಬರ್ತಾಳೆ. ನನ್ ಕೈಲಿ ಒಣಗಿದ್ರೆ? ನನ್ನ ಅಂದ್ರೆ ಅನ್ಲಿ. ಈ ಕೂಸು ಹುಟ್ಟಿದಾಗ ಒಣಗಿತು ಅಂತಾರೆ. ಇವಳ ಮೇಲೆ ಬರ್ತೈತೆ."

ಹಾಕು ಎನ್ನಲು ಮುದ್ದಕ್ಕನಿಗೆ ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ಜೋತ ಎಲೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ನೋಡಿದರು. ಬಿಟ್ಟರೆ ಮತ್ತೆ ಜೋತಿತು.

"ನಂಗೆ ಏನೂ ದೊಡ್ಡ ಆಸೆ ಇಲ್ಲ ಕಣವ್ವ" ಎಂದರು ನನ್ನ ಕಡೆ ತಿರುಗಿ, ಪೇಪರಿಗೆ ಕೊನೆಯ ಮಾತು ಬೇಕಾಗಿದೆ ಎಂದು ಅರ್ಥಮಾಡಿಕೊಂಡವರಂತೆ. "ಒಬ್ಬಳು ಬಾಣ್ತಿ ಕಾಲು ಚಾಚ್ಕಂಡು ಕುಂತ್ಕಳ್ಳೋವಷ್ಟು ನೆಳ್ಳು. ಅಷ್ಟಾದ್ರೆ ಸಾಕು. ಬರ್ಕ. ಅಷ್ಟೇ ಬರ್ಕ."

ನಾನು ಬರೆದುಕೊಳ್ಳಲಿಲ್ಲ. ಪೆನ್ನಿನ ಟೊಪ್ಪಿ ಮುಚ್ಚಿದೆ. ಬೇಲಿಯ ಹತ್ತಿರ ಯತ್ತಪ್ಪ ಕುರಿಮರಿಯೊಂದನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು, ಕೇಳಿಸುವಷ್ಟು ಹತ್ತಿರದಲ್ಲಿ. ಓಬವ್ವ ಕಂಬಳಿಯನ್ನು ಇನ್ನೊಂದು ಬೆರಳಷ್ಟು ಸರಿಸಿದಳು.

"ಮುದ್ದಕ್ಕ" ಎಂದೆ. "ಅವತ್ತು ನರ್ಸರಿಲಿ ಗೋಡೆ ಪಕ್ಕದ ಸಾಲಿಗೆ ನಾನು ನೀರು ಹಾಕಿದ್ನಲ್ಲ. ಅವತ್ತು ನಾನು ಹೊರಗಾಗಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗ ನೋಡಿ ಬಂದೆ, ಆ ಸಾಲು ಎದ್ದೈತೆ."